ಹೆಸರು ಬರುವ ಪಾಕ

"ಹೆಸರು ಬಂತಾ?" ಅಡುಗೆಮನೆಯಿಂದ ಕಮಲೇಶ ಕೂಗಿ ಕೇಳಿದಳು.

"ಇನ್ನೂ ಇಲ್ಲ. ಬುವಾ ಸುಮ್ನೆ ನೊಣ ಓಡಿಸ್ತಾ ಕೂತಿದಾರೆ," ಎಂದಳು ಅವಳ ಮಗಳು, ಒಂಬತ್ತು ವರ್ಷದ ಚುನ್ನಿ. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಗೀಚುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ನೊಣ ಓಡಿಸೋಷ್ಟು ಎಚ್ಚರ ಇದೆ ಅಂದ್ರೆ ಪಾಕ ಆಗಿಲ್ಲ. ಇನ್ನೊಂದು ಉಂಡೆ ಹಾಕ್ತೀನಿ."

ಚುನ್ನಿಯ ಬುವಾ, ಅಂದರೆ ಸೋದರತ್ತೆ ಗೋಮತಿ ತುಳಸಿಕಟ್ಟೆಗೆ ಬೆನ್ನು ಕೊಟ್ಟು ಕೂತಿದ್ದಳು. ಮಡಿಲಲ್ಲಿ ಖಾಲಿ ಬಟ್ಟಲು. ಒಂದು ಸೌಟು ಪಾಕ ಹೊಟ್ಟೆಗೆ ಇಳಿದು ಮುಕ್ಕಾಲು ಗಂಟೆಯಾಗಿತ್ತು. ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ನಿಚ್ಚಳವಾಗಿತ್ತು.

ಮಥುರೆಯ ಚೌಬೆ ಬ್ರಾಹ್ಮಣರ ಮನೆಯಲ್ಲಿ ಭಂಗಿಯೇನೂ ಕದ್ದು ಮಾಡುವ ವಸ್ತುವಲ್ಲ. ಅದನ್ನು ಭಂಗಿ ಎಂದೂ ಕರೆಯುವುದಿಲ್ಲ, ಬೂಟಿ ಎನ್ನುತ್ತಾರೆ. ಗಂಡಸರು ಸಂಜೆ ಯಮುನೆಯ ಮೆಟ್ಟಿಲ ಮೇಲೆ ತಾವೇ ಅರೆದುಕೊಳ್ಳುತ್ತಾರೆ. ಗುಂಡುಕಲ್ಲು ಎತ್ತಿದರೆ ಕೆಳಗಿನ ಚಪ್ಪಡಿಯೂ ಅಂಟಿಕೊಂಡು ಮೇಲೇಳಬೇಕು, ಅಲ್ಲಿಯವರೆಗೆ ಅರೆದದ್ದು ಅರೆದದ್ದಲ್ಲ. ಆದರೆ ಪಾಕ ಮಾಡಿ ಸೀಸೆಗೆ ತುಂಬುವುದು ಈ ಮನೆಯ ಹೆಂಗಸರ ಕೆಲಸ. ಸೊಪ್ಪನ್ನು ನೀರು ತಿಳಿಯಾಗುವವರೆಗೆ ತೊಳೆದು, ಮೆಣಸು, ಸೋಂಪು, ಕರಬೂಜದ ಬೀಜದೊಂದಿಗೆ ಅರೆದು, ಕೆನೆಯಲ್ಲಿ ಕುದಿಸಿ, ಮಲ್ಲಿನ ಬಟ್ಟೆಯಲ್ಲಿ ಹಿಂಡಿ, ಗುಲಾಬಿಯ ಪಕಳೆ ಬಿದ್ದ ಒಂದೆಳೆ ಪಾಕಕ್ಕೆ ಬೆರೆಸುತ್ತಿದ್ದರು. ತಂಪು ಹಾಲಿಗೆ ಒಂದು ಚಮಚ, ರಬಡಿ ಕುಲ್ಫಿಯ ಮೇಲೆ ಎರಡು. ಗೋಮತಿಯ ತಮ್ಮ, ಕಮಲೇಶಳ ಗಂಡ ಗಿರಧರ ವಿಶ್ರಾಮ ಘಟ್ಟದಲ್ಲಿ ಛತ್ರಿ ಹಾಕಿಕೊಂಡು ಕೂರುವ ಪಂಡಾ, ತೀರ್ಥದ ಪುರೋಹಿತ. ಅವನ ಕೈಯಲ್ಲಿ ಸಂಕಲ್ಪ ಮಾಡಿಸಿಕೊಳ್ಳಲು ದೂರದೂರದಿಂದ ಬರುವ ಯಜಮಾನರು ಊರಿಗೆ ಮರಳುವಾಗ ಯಮುನೆಯ ನೀರಿನ ತಂಬಿಗೆಯ ಜೊತೆ ಈ ಸೀಸೆಯನ್ನೂ ಒಯ್ಯುತ್ತಿದ್ದರು.

ಅರೆದ ಉಂಡೆಯನ್ನು ಕಣ್ಣಿನಲ್ಲೇ ಅಳೆಯಬಹುದು. ಅದು ಸಕ್ಕರೆಯಲ್ಲಿ ಕರಗಿದ ಮೇಲೆ ಎಷ್ಟು ಏರುತ್ತದೆ ಎಂದು ಹೇಳಲು ಕಣ್ಣಿಗೂ ಆಗದು, ನಾಲಗೆಗೂ ಆಗದು. ಅದಕ್ಕೊಂದು ಮೈ ಬೇಕು. ಆ ಮೈ ಗೋಮತಿಯದು.

ಹನ್ನೊಂದು ವರ್ಷದ ಹಿಂದೆ ಅವಳು ಕುಂಕುಮ ಅಳಿಸಿಕೊಂಡು, ಒಂಬತ್ತರ ಮಗಳು ಕೇತಕಿಯ ಕೈಹಿಡಿದು ತವರಿಗೆ ಬಂದಾಗ ಮೂವತ್ತಮೂರು ವರ್ಷ. ತಿಂಗಳುಗಟ್ಟಲೆ ನಿದ್ದೆಯಿರಲಿಲ್ಲ. ಒಂದು ಮಧ್ಯಾಹ್ನ ಅವಳ ತಾಯಿ, ಮನೆಯವರೆಲ್ಲ ಮಯ್ಯಾ ಎಂದು ಕರೆಯುವ ಮುದುಕಿ, "ಕುಡಿ, ಕಣ್ಣು ಮುಚ್ಚುತ್ತೆ" ಎಂದು ಬಟ್ಟಲು ಕೊಟ್ಟಳು. ಅರ್ಧ ಗಂಟೆಗೆ ಗೋಮತಿ ಎದ್ದು ನಿಂತು ಬಚ್ಚಲ ಕಡೆ ತಿರುಗಿ, "ದಾಮೋದರ, ನೀರು ಕಾದಿದೆ ಬಾ" ಎಂದು ಕರೆದಳು.

ಗಂಡ ಬದುಕಿದ್ದಾಗ ಒಂದು ದಿನವೂ ಅವನ ಹೆಸರನ್ನು ಬಾಯಿಗೆ ತಂದವಳಲ್ಲ. ಕಾರ್ತಿಕದಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ದಾಮೋದರನ ಸ್ತೋತ್ರ ಹಾಡುವಾಗ ಆ ಒಂದು ಪದ ಬಂದ ಕಡೆಯೆಲ್ಲ ತುಟಿ ಮುಚ್ಚಿ, ಉಳಿದದ್ದನ್ನು ಹಾಡುತ್ತಿದ್ದವಳು. ಅವಳ ಬಾಯಿಂದ ಸತ್ತ ಗಂಡನ ಹೆಸರು ಹೀಗೆ ಬಾಗಿಲಿಗೆ ಬಂದ ಹಾಲಿನವನನ್ನು ಕರೆದ ಹಾಗೆ ಬಂದದ್ದು ಕೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವತ್ತಿನ ಪಾಕ ಎಲ್ಲರಿಗೂ ಹದವಾಗಿ ಹತ್ತಿತು. ಅಳತೆ ಅಲ್ಲಿಗೆ ಗೊತ್ತಾಯಿತು. ಹೆಸರು ಬಂದರೆ ಪಾಕ ಆಯಿತು, ಬಾರದಿದ್ದರೆ ಇಲ್ಲ.

"ಹಾಲಿಗೆ ಹೆಪ್ಪು ಹೇಗೋ, ನಮ್ಮ ಪಾಕಕ್ಕೆ ಅಳಿಯ," ಎಂದು ಮಯ್ಯಾ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. "ಬದುಕಿದ್ದಾಗ ಒಂದು ಕೆಲಸಕ್ಕೆ ಬರಲಿಲ್ಲ ಪುಣ್ಯಾತ್ಮ. ಈಗ ದುಡೀತಿದಾನೆ."

ಹನ್ನೊಂದು ವರ್ಷ ವಾರಕ್ಕೆರಡು ಸಲ ಕುಡಿದರೆ ಮೈ ಏನಾಗಬೇಕು? ಕಳೆದ ದೀಪಾವಳಿಯ ಹೊತ್ತಿಗೆ ಗೋಮತಿಗೆ ಏರುವುದು ನಿಂತಿತು. ಅವಳು ಬಟ್ಟಲು ಬರಿದು ಮಾಡಿ ಕಾಯುವಳು, ಹೆಸರು ಬಾರದು, ಕಮಲೇಶ ಇನ್ನೊಂದು ಉಂಡೆ ಹಾಕುವಳು. ಆ ಚಳಿಗಾಲದಲ್ಲಿ ಒಯ್ದ ಸೀಸೆಯಿಂದ ಒಬ್ಬ ಯಜಮಾನ ಒಂದೂವರೆ ದಿನ ಮಲಗಿದ್ದನಂತೆ. ಸುದ್ದಿ ಕೇಳಿ ಗಿರಧರ ಮೀಸೆ ತಿರುವಿದ. ಗೋಮತಿಗೆ ಮಾತ್ರ ಅರ್ಥವಾಯಿತು, ಕೆಟ್ಟಿರುವುದು ಪಾಕವಲ್ಲ, ತನ್ನ ಮೈ.

ಹೇಳಿಬಿಡಬೇಕೆಂದು ಬಾಯಿ ತೆರೆದ ದಿನವೇ, ತನ್ನನ್ನು ಜೀಜಿ, ಅಕ್ಕ ಎಂದು ಕರೆಯುವ ಕಮಲೇಶ ರೊಟ್ಟಿ ಲಟ್ಟಿಸುತ್ತ ಅತ್ತೆಗೆ ಹೇಳುವುದು ಕೇಳಿಸಿತು.

"ಜೀಜಿ ಮೈ ಚಕ್ಕಳ ಆಗ್ತಿದೆ ಮಯ್ಯಾ. ಸೌಟುಗಟ್ಟಲೆ ಸುರೀಬೇಕು. ಕೇತಕಿ ಆದ್ರೆ ಅರ್ಧ ಚಮಚ ಸಾಕು, ಎಳೇ ಮೈ."

"ಮದುವೆ ಆಗದ ಹುಡುಗಿ. ಅವಳ ಬಾಯಲ್ಲಿ ಯಾವ ಗಂಡನ ಹೆಸರು ಬರುತ್ತೆ?"

"ಯಾವುದು ಬರುತ್ತೋ ನೋಡೋಣ!" ಎಂದು ಕಮಲೇಶ ಲಟ್ಟಣಿಗೆ ಕುಟ್ಟಿ ನಕ್ಕಳು. "ಎಂಟು ಗಂಟೆಗೆ ಕಾಲೇಜಿಗೆ ಹೋದವಳು ನಾಲ್ಕಕ್ಕೆ ಬರ್ತಾಳೆ. ಏನಾದ್ರೂ ಒಂದು ಹೆಸರು ಇದ್ದೇ ಇರುತ್ತೆ."

ಅಂದಿನಿಂದ ಗೋಮತಿ ಬಿಸಿಲು ನೋಡಿಕೊಂಡು ಕುಡಿಯತೊಡಗಿದಳು. ನೆರಳು ತುಳಸಿಕಟ್ಟೆಯ ಎರಡನೆಯ ಮೆಟ್ಟಿಲಿಗೆ ಬಂದಾಗ ಕಣ್ಣು ಅರೆ ಮುಚ್ಚಿ, ನಾಲಗೆ ಎಳೆದು, "ದಾಮೋದರ" ಎನ್ನುವಳು. ಮೊದಲ ಸಲ ಹಾಗೆ ಎಚ್ಚರದಲ್ಲಿ ಹೇಳಿದಾಗ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ನಾಲ್ಕನೆಯ ಸಲಕ್ಕೆ ಅದು ತರಕಾರಿಯ ಹೆಸರಿನಷ್ಟು ಹಗುರವಾಗಿತ್ತು.

ಕೇತಕಿಗೆ ನಿಜವಾಗಿ ಒಂದು ಹೆಸರು ಇದೆಯೆಂದು ಗೊತ್ತಾದದ್ದು ವೈಶಾಖದ ಕೊನೆಗೆ, ಮಾಳಿಗೆಯ ಮೇಲೆ ಉದ್ದಿನ ಸಂಡಿಗೆ ಇಡುವಾಗ.

"ಅಮ್ಮಾ, ಮೋಹರ್‌ಗೆ ರೈಲ್ವೆಯಲ್ಲಿ ಕೆಲಸ ಆಯ್ತು. ಝಾನ್ಸಿಗೆ ಹಾಕಿದಾರೆ."

"ಯಾವ ಮೋಹರ್?"

"ನಮ್ಮ ಘಟ್ಟದಲ್ಲಿ ಎಷ್ಟು ಜನ ಮೋಹರ್ ಇದಾರಮ್ಮ?"

ಒಬ್ಬನೇ ಇದ್ದ. ಗಿರಧರನ ಛತ್ರಿಯ ಕೆಳಗಿನ ಮೆಟ್ಟಿಲಿಗೆ ದೋಣಿ ಕಟ್ಟುವ ಅಂಬಿಗನ ಮಗ. ಅವನ ಕೈಗೆ ಕೈ ತಾಗದಿರಲೆಂದು ಗಿರಧರ ದೋಣಿಯ ಬಾಡಿಗೆಯನ್ನು ಮೇಲಿನಿಂದ ಎಸೆಯುತ್ತಿದ್ದ. ನಾಣ್ಯ ನೀರಿಗೆ ಬಿದ್ದರೆ ಹುಡುಗ ಮುಳುಗಿ ತೆಗೆದುಕೊಳ್ಳುತ್ತಿದ್ದ.

"ಕೊನೇ ಪೇಪರು ಮುಂದಿನ ತಿಂಗಳ ಗಂಗಾ ದಸೆಹರಾ ಕಳೆದ ನಾಲ್ಕನೇ ದಿನ. ಬರೆದು ನಾನು ಮನೆಗೆ ಬರಲ್ಲ."

"ನಿನ್ನ ಮಾಮ ನಿನ್ನ ಕೊಂದು ಯಮುನೆಗೆ ಹಾಕ್ತಾನೆ."

"ಸಿಕ್ಕಿದ್ರೆ ತಾನೇ?"

ಗೋಮತಿ ಕೈಯಲ್ಲಿದ್ದ ಹಿಟ್ಟನ್ನು ಒಂದೇ ಮುದ್ದೆಯಾಗಿ ಬಟ್ಟೆಯ ಮೇಲೆ ಅಪ್ಪಳಿಸಿದಳು. "ಈ ಮನೇಲಿ ಇನ್ನೊಂದ್ಸಲ ಆ ಹೆಸರು ಎತ್ತಬೇಡ."

"ಹೋಗ್ಲಾ, ಬೇಡ್ವಾ? ಅದನ್ನಾದ್ರೂ ಹೇಳು."

"ಸಂಡಿಗೆ ಇಡು. ಬಿಸಿಲು ಹೋಗುತ್ತೆ."

ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆದರೆ ಮಾರನೆಯ ದಿನ ಬಟ್ಟೆ ಒಗೆದು ಒಣಗಿಸಿದವಳು ಮಗಳ ಎರಡು ಒಳ್ಳೆಯ ಕುರ್ತಾಗಳನ್ನು ಮಡಚಿ ಕಪಾಟಿಗೆ ಇಡದೆ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಕೇತಕಿ ನೋಡಿದಳು. ಸಂಜೆಗೆ ಅವು ಅಲ್ಲಿರಲಿಲ್ಲ. ಹೀಗೆ ದಿನಕ್ಕೊಂದೊಂದು ಬಟ್ಟೆ, ಒಂದು ಬಾಚಣಿಗೆ, ಒಂದು ಜೊತೆ ಚಪ್ಪಲಿ ಪುಸ್ತಕದ ಚೀಲದಲ್ಲಿ ಮನೆ ಬಿಟ್ಟವು. ತಾಯಿ ಮಗಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಜ್ಯೇಷ್ಠದ ಗಂಗಾ ದಸೆಹರಾಕ್ಕೆ ಮೂರು ದಿನವಿರುವಾಗ ಕಮಲೇಶ ದೊಡ್ಡ ಕಡಾಯಿ ಇಟ್ಟಳು. ಸರ್ಕಾರಿ ಬೂಟಿ ಅಂಗಡಿಯಲ್ಲಿ ಹಳೆಯ ಸೊಪ್ಪು ಮುಗಿದು ಹೊಸದು ಬಂದಿತ್ತು. ಹಸಿರು ಕಪ್ಪಿಗೆ ತಿರುಗಿದ ಸೊಪ್ಪು, ತೊಳೆದಷ್ಟೂ ನೀರು ಬಣ್ಣ ಬಿಡುತ್ತಿತ್ತು. ಕಮಲೇಶ ಅಭ್ಯಾಸದಂತೆ ಹಳೆಯ ಲೆಕ್ಕದಲ್ಲೇ ಉಂಡೆ ಹಾಕಿದಳು. ಗೋಮತಿ ಅಭ್ಯಾಸದಂತೆ ಕುಡಿದಳು. ಅಂದು ಹಿಂಗೈಗಳಲ್ಲಿ ಸಣ್ಣಗೆ ಜುಮ್ಮೆಂದಿತು. ಎಷ್ಟೋ ತಿಂಗಳ ಮೇಲೆ ಜುಮ್ಮೆಂದದ್ದು. ಇದು ಹೆಚ್ಚಾಯಿತು, ಹೇಳಬೇಕು ಎಂದು ಅವಳಿಗೆ ಅನ್ನಿಸಿತು. ಹೇಳಿದರೆ ಇಷ್ಟು ದಿನ ಯಾಕೆ ಆಗಲಿಲ್ಲ ಎಂಬ ಮಾತು ಬರುತ್ತದೆ. ನೆರಳು ಎರಡನೆಯ ಮೆಟ್ಟಿಲಿಗೆ ಬಂತು. ಅವಳು ಹೆಸರು ಹೇಳಿದಳು.

"ಬಂತು! ಬಂತು!" ಎಂದು ಚುನ್ನಿ ಒಳಗೆ ಓಡಿದಳು.

ದಸೆಹರಾದ ದಿನ ಕೋಟಾದ ಯಜಮಾನರು ಬಂದರು. ನಾಲ್ಕು ತಲೆಮಾರಿನಿಂದ ಇದೇ ಮನೆಯ ಛತ್ರಿಯ ಕೆಳಗೆ ಸ್ನಾನ ಮಾಡುವವರು. ಅವರ ಮುದುಕಿ ಸೇಠಾಣಿ ಊಟಕ್ಕೆ ಕೂತಾಗ ಪ್ರತಿ ವರ್ಷ, "ಗೋಮತಿಗೆ ಬಡಿಸಿದ್ರಾ?" ಎಂದು ಕೇಳುವ ಒಬ್ಬಳೇ ಹೆಂಗಸು. ಪೂರಿ, ಕುಂಬಳಕಾಯಿ ಪಲ್ಯ ಆದ ಮೇಲೆ ಕುಲ್ಫಿ ಬಂತು. ಸೇಠಾಣಿ ಬೇಡವೆಂದಳು. ಕಮಲೇಶ ಬಲವಂತ ಮಾಡಿ, "ಯಮುನಾ ಮಾತೆ ಪ್ರಸಾದ ತಾಯಿ," ಎಂದು ಎರಡು ಚಮಚ ಸುರಿದಳು.

ಒಂದು ಗಂಟೆಯಾದ ಮೇಲೆ ಸೇಠಾಣಿ ಗೋಡೆಗೆ ಒರಗಿ ಗಂಡನನ್ನು ನೋಡಿ, "ಇವನ್ಯಾರು? ಇವನನ್ನ ಆಚೆ ಕಳಿಸಿ," ಎಂದು ಕಿರಿಚಿದಳು. ತನ್ನ ಕೈಗಳಿಗೆ ಬೆಂಕಿ ಹತ್ತಿದೆಯೆಂದು ಅವುಗಳನ್ನು ನೆಲಕ್ಕೆ ಬಡಿದಳು. ಬಳೆ ಒಡೆದು ಮಣಿಕಟ್ಟು ಹರಿಯಿತು. ಹಿಡಿದುಕೊಳ್ಳಲು ಹೋದ ಗೋಮತಿಯ ಮುಖಕ್ಕೆ ಉಗುಳಿದಳು. ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಜೀವಕ್ಕೇನೂ ಆಗಲಿಲ್ಲ. ಆದರೆ ಮೂರನೆಯ ಬೆಳಿಗ್ಗೆ ಕೋಟಾದವರು ಗಿರಧರನ ಎದುರಿಗೇ ನಡೆದುಹೋಗಿ ಪಕ್ಕದ ಛತ್ರಿಯವನ ಕೈಯಲ್ಲಿ ಸಂಕಲ್ಪ ಮಾಡಿಸಿಕೊಂಡರು. ಘಟ್ಟದ ಪಂಡಾಗಳೆಲ್ಲ ನೋಡಿದರು.

ಗಿರಧರ ಮನೆಗೆ ಬಂದವನು ತಟ್ಟೆಯನ್ನು ಒದ್ದ. ದಾಲ್ ಅಂಗಳದ ಉದ್ದಕ್ಕೂ ಚೆಲ್ಲಿತು.

"ಯಾರು ಮಾಡಿದ್ದು ಆ ಪಾಕ?"

"ನಾನು ಯಾವಾಗ್ಲೂ ಮಾಡೋ ಹಾಗೇ ಮಾಡಿದೀನಿ," ಎಂದಳು ಕಮಲೇಶ. "ಆಯ್ತು ಅಂದಿದ್ದು ನಿಮ್ಮಕ್ಕ. ಕೇಳಿ ಅವರನ್ನ. ಅಷ್ಟು ಜೋರಿದ್ದಿದ್ರೆ ಇವರು ಅವತ್ತು ಎದ್ದು ಹೋಗಿ ಪಾತ್ರೆ ತೊಳೆದಿದ್ದು ಹೇಗೆ? ಹದಿನೆಂಟು ಪಾತ್ರೆ ತೊಳೆದ್ರು, ಒಂದು ಲೋಟ ಕೈಜಾರಲಿಲ್ಲ."

"ಜೀಜಿ, ಮಾತಾಡು," ಎಂದ ಗಿರಧರ.

"ನಂಗೆ ಏರಿತ್ತು," ಎಂದಳು ಗೋಮತಿ ದಾಲ್ ಬಳಿಯುತ್ತ.

ಮಂಚದ ಮೇಲಿದ್ದ ಮಯ್ಯಾ ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ ಹೇಳಿದಳು: "ಸುಳ್ಳು. ಹೋಳಿಗಿಂತ ಮೊದಲಿಂದ ನೋಡ್ತಿದೀನಿ. ನೆರಳು ನೋಡ್ಕೊಂಡು ಗಂಡನ ಹೆಸರು ಹೇಳ್ತಾಳೆ. ಗಡಿಯಾರದ ಹಾಗೆ."

ಎಲ್ಲರೂ ಮುದುಕಿಯ ಕಡೆ ತಿರುಗಿದರು.

"ಗೊತ್ತಿದ್ದೂ ಸುಮ್ನಿದ್ದೆಯಾ ಮಯ್ಯಾ?" ಎಂದ ಗಿರಧರ.

"ಏನು ಹೇಳ್ಲಿ? ಸುಳ್ಳು ಹೇಳೋಕಾದ್ರೂ ಗಂಡನ ಹೆಸರು ಉಪಯೋಗಕ್ಕೆ ಬರ್ತಿದೆಯಲ್ಲ, ಹೇಳಿಕೊಳ್ಲಿ ಅಂದ್ಕೊಂಡೆ."

ಕಮಲೇಶಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಸೆರಗಿಂದ ಕಣ್ಣೊರೆಸಿಕೊಂಡು, "ಸರಿ ಹಾಗಾದ್ರೆ. ಜೀಜಿ ಕೆಲಸ ಮುಗೀತು. ನಾಳೆ ಕಡಾಯಿ ಇಡ್ತೀನಿ, ಕೇತಕಿ ಕೂತ್ಕೊಳ್ಲಿ," ಎಂದಳು.

"ಅವಳಿಗೆ ಪರೀಕ್ಷೆ ಇದೆ," ಎಂದಳು ಗೋಮತಿ.

"ನಾಡಿದ್ದಲ್ವಾ ಪರೀಕ್ಷೆ? ನಾಳೆ ಏನು ಕಷ್ಟ?"

"ಅವಳು ಮುಟ್ಟಲ್ಲ."

"ಮುಟ್ಟಲ್ಲ ಅನ್ನೋಕೆ ನೀನ್ಯಾರು?" ಗಿರಧರನ ದನಿ ಏರಿತು. "ಹನ್ನೊಂದು ವರ್ಷ ಇಬ್ಬರಿಗೂ ಅನ್ನ ಹಾಕಿದೀನಿ. ಒಂದು ಚಮಚ ಕುಡಿಯೋಕೆ ಸವೆದು ಹೋಗ್ತಾಳಾ ನಿನ್ನ ಮಗಳು?"

ಗೋಮತಿ ಎದ್ದು ನಿಂತಳು. ಕೈಯಿಂದ ದಾಲ್ ತೊಟ್ಟಿಕ್ಕುತ್ತಿತ್ತು. "ನನ್ನ ಮೈಗೆ ಏನೂ ಆಗಿಲ್ಲ. ಅದೇ ಸೀಸೆ ತನ್ನಿ. ಎಲ್ಲರೂ ಕೂತು ನೋಡಿ. ನಂಗೆ ಏರಿದ್ರೆ ಕೇತಕಿ ಹೆಸರು ಎತ್ತಬಾರದು."

"ನಾಟಕ ಆಡಿದ್ರೆ ನಂಗೆ ತಿಳಿಯುತ್ತೆ," ಎಂದಳು ಮಯ್ಯಾ. "ನಾಲಗೆ ಒಣಗಿರಬೇಕು. ಕಣ್ಣು ಕೆಂಪಗಿರಬೇಕು. ಅದಾದ ಮೇಲೆ ಹೆಸರು ಬರಬೇಕು. ಸುಮ್ನೆ ಬಂದ ಹೆಸರು ಬೇಡ."

ಗಿರಧರ ಬೀದಿಬಾಗಿಲಿನ ಅಗುಳಿ ಹಾಕಿ ಬಂದು ಮಂಚದ ತುದಿಯಲ್ಲಿ ಕೂತ. ಕಮಲೇಶ ಸೀಸೆ ತಂದಳು. ಗೋಮತಿ ಒಂದು ಬಟ್ಟಲು ಕುಡಿದಳು. ಕಾದಳು. ಏನೂ ಇಲ್ಲ. "ಇನ್ನೊಂದು," ಎಂದಳು. ಅದನ್ನೂ ಕುಡಿದಳು. ಮೂರನೆಯದನ್ನು ತಾನೇ ಬಗ್ಗಿಸಿಕೊಂಡಳು. ಕಮಲೇಶ ಚುನ್ನಿಯನ್ನು ಮಡಿಲಿಗೆ ಎಳೆದುಕೊಂಡು, ಸಿನಿಮಾಕ್ಕೆ ಬಂದವಳ ಹಾಗೆ ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೊಂಡಳು.

ಜುಮ್ಮೆನ್ನುವುದು ಮೊದಲು ಪಾದಗಳಿಂದ ಹತ್ತಿತು. ನಿಜವಾಗಿಯೇ ಬರುತ್ತಿದೆ ಎಂದು ಗೊತ್ತಾದಾಗ ಗೋಮತಿಗೆ ಅಳು ಬರುವಷ್ಟು ಸಂತೋಷವಾಯಿತು. ಬರಲಿ, ಇನ್ನೂ ಬರಲಿ. ಬಾಯಿ ಬೂದಿ ತಿಂದ ಹಾಗೆ ಒಣಗಿತು. ತಮ್ಮನ ಮುಖ ಹತ್ತಿರ ಬಂದು ದೂರ ಹೋಯಿತು. ಹುರಿಗಡಲೆ ಜಗಿಯುವ ಸದ್ದು ಗಿರಣಿಯ ಸದ್ದಿನಷ್ಟಾಯಿತು.

"ನಾಲಗೆ ತೋರಿಸು," ಎಂದಳು ಮಯ್ಯಾ. ಗೋಮತಿ ತೋರಿಸಿದಳು. ಮುದುಕಿ ಅಡಕೆಯ ಪುಡಿಯಿದ್ದ ಬೆರಳಿನಿಂದ ಮುಟ್ಟಿ ನೋಡಿ, "ಒಣಗಿದೆ. ಇದು ನಿಜವೇ," ಎಂದಳು.

ಗಿರಧರ ಉಸಿರು ಬಿಟ್ಟ. "ಕೇತಕಿ, ನಿಮ್ಮಮ್ಮಂಗೆ ಮಜ್ಜಿಗೆ ತಾ."

ಕೇತಕಿ ಅಡುಗೆಮನೆಯಿಂದ ಲೋಟ ಹಿಡಿದು ಬಂದಳು. ಗೋಮತಿ ಬೆಳಿಗ್ಗೆಯಷ್ಟೇ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ ಹಳದಿ ದುಪ್ಪಟ್ಟ ಅವಳ ಹೆಗಲ ಮೇಲಿತ್ತು. ಅದನ್ನು ಕಂಡ ಗೋಮತಿಯ ಎದೆ ತುಂಬಿ ಬಂತು. ಎಷ್ಟು ಎತ್ತರ ಬೆಳೆದಿದ್ದಾಳೆ! ನಾಡಿದ್ದು ಪೇಪರು. ನಾಡಿದ್ದು ರೈಲು. ಇನ್ನು ಒಂದೇ ಒಂದು ಮಾತು ಬಾಕಿ, ಅದನ್ನು ಹೇಳಿಬಿಟ್ಟರೆ ಇವಳನ್ನು ಯಾರೂ ಮುಟ್ಟುವುದಿಲ್ಲ.

"ಹೆಸರು?" ಎಂದಳು ಕಮಲೇಶ ಮುಂದಕ್ಕೆ ಬಾಗಿ.

ಗೋಮತಿ ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಗಂಡನ ಹೆಸರು ಹೇಳಿದಳು. ಹೇಳಿದೆನೆಂದೇ ಅವಳು ತಿಳಿದದ್ದು.

"ಮೋಹರ್," ಎಂದಿತ್ತು ಅವಳ ಬಾಯಿ.

ಹುರಿಗಡಲೆಯ ಸದ್ದು ನಿಂತಿತು. ಯಾರೂ ನಗಲಿಲ್ಲ. ಪ್ರತಿ ಸಲವೂ ನಗುತ್ತಿದ್ದವರು ಯಾಕೆ ನಗುತ್ತಿಲ್ಲ? ನಂಬಲಿಲ್ಲವೇ?

"ಏನಂದೆ?" ಗಿರಧರ ನಿಧಾನವಾಗಿ ಕೇಳಿದ.

"ಮೋಹರ್," ಎಂದಳು ಗೋಮತಿ ಮಗುವಿಗೆ ಪಾಠ ಹೇಳುವ ಹಾಗೆ ಬಿಡಿಸಿ. "ಝಾನ್ಸಿಯಲ್ಲಿ ಕೆಲಸ. ನೀರು ಕಾದಿದೆ ಬಾ ಅಂತ ಕರೀರಿ."

ಗಿರಧರನ ಕಣ್ಣು ಅಕ್ಕನನ್ನು ಬಿಟ್ಟು ಅವಳ ಮಗಳ ಮೇಲೆ ಹೋಯಿತು. "ಅಂಬಿಗನ ಮಗ," ಎಂದ. ಕೇಳಿದ್ದಲ್ಲ, ಹೇಳಿದ್ದು. ಕಮಲೇಶ ಚುನ್ನಿಯನ್ನು ಮಡಿಲಿಂದ ಇಳಿಸಿ ಬೀದಿಬಾಗಿಲಿಗೆ ಅಡ್ಡ ನಿಂತಳು. ಮಯ್ಯಾ ಅಡಕೆ ಕತ್ತರಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟಳು.

"ಅಮ್ಮಾ, ಸಾಕು. ಅಮ್ಮಾ!" ಕೇತಕಿ ಲೋಟ ಬಿಸಾಡಿ ಓಡಿಬಂದು ತಾಯಿಯ ಬಾಯಿಗೆ ಎರಡೂ ಕೈ ಒತ್ತಿ ಹಿಡಿದಳು. ಅಂಗೈಗಳು ಮಂಜಿನಂತೆ ತಣ್ಣಗಿದ್ದವು.

ಗೋಮತಿಗೆ ಸಿಟ್ಟು ಬಂತು. ಎಲ್ಲ ಸರಿಹೋಗುವ ಹೊತ್ತಿಗೆ ಈ ಹುಡುಗಿ ಹೀಗೆ ಮಾಡುತ್ತಾಳಲ್ಲ! ಗಿರಧರ ಎದ್ದು ನಿಂತಿದ್ದ, ಕೇಳಿಸಿಕೊಳ್ಳಲು ಹತ್ತಿರ ಬರುತ್ತಿದ್ದ. ಅವಳು ಮಗಳ ಕೈಗಳನ್ನು ಒಂದೊಂದಾಗಿ ಕಿತ್ತು ಬದಿಗೆ ತಳ್ಳಿ, "ಬಿಡೇ, ಅವರಿಗೆ ನಂಬಿಕೆ ಬರಲಿ," ಎಂದು ಬೆನ್ನು ನೆಟ್ಟಗೆ ಮಾಡಿ ಕೂತಳು. ಒಣಗಿದ ನಾಲಗೆಯನ್ನು ತುಟಿಯ ಮೇಲೆ ಆಡಿಸಿಕೊಂಡು, ಮಂಚದ ಮೇಲಿನ ಮಯ್ಯಾಗೂ ಕೇಳಲೆಂದು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು.